ಎಂಬತ್ತು ರೊಟ್ಟಿ ತಟ್ಟದ ರೇವಮ್ಮ

1943ನೇ ಇಸವಿಯ ಡಿಸೆಂಬರಿನಲ್ಲಿ ಹಾಸನದ ನಮ್ಮ ವಿದ್ಯಾರ್ಥಿನಿಲಯದ ಹನ್ನೊಂದು ಹುಡುಗರು ಅರಕಲಗೂಡು ಕಡೆಯ ಬೆಟ್ಟದಲ್ಲಿ ನೀರು ಧುಮುಕುವ ಅಬ್ಬಿ ನೋಡಲು ಹೊರಟೆವು. ನೋಡದೆ ವಾಪಸ್ಸು ಬಂದೆವು. ದಾರಿ ತೋರಿಸುವವರು ಸಿಗದೇ ಹೋದದ್ದೇ ಕಾರಣ ಎಂದು ಆ ವರ್ಷದ ವರದಿಯಲ್ಲಿ ಅಚ್ಚು ಹಾಕಿಸಿದ್ದರು. ಅದು ಶುದ್ಧ ಸುಳ್ಳು. ದಾರಿ ಬಲ್ಲವರು ನಮ್ಮ ಅಡುಗೆಮನೆಯಲ್ಲೇ ಇದ್ದರು.

ಅವರ ಹೆಸರು ರೇವಮ್ಮ. ಆ ಬೆಟ್ಟದ ಬುಡದಲ್ಲಿರುವ ಕಲ್ಲುಮಂಟಿ ಅವರ ತವರು. ಹದಿಮೂರನೇ ವಯಸ್ಸಿಗೆ ಚನ್ನರಾಯಪಟ್ಟಣದ ಬೆಲ್ಲದ ವ್ಯಾಪಾರಿಯೊಬ್ಬರಿಗೆ ಕೊಟ್ಟಿದ್ದರು. ಗಂಡ ಕಾಲರಾದಲ್ಲಿ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಹೆಂಗಸು ಮನೆಗೆ ಭಾರವೆಂದು ಮೈದುನರಿಗೆ ಅನ್ನಿಸಿತು. ಹಾಗೆ ಹಾಸನಕ್ಕೆ ಬಂದು ನಮ್ಮಲ್ಲಿ ಅಡುಗೆಗೆ ಸೇರಿದವರು ಹತ್ತು ವರ್ಷದಿಂದ ದಿನಕ್ಕೆರಡು ಹೊತ್ತು ಹದಿನೇಳು ಜನಕ್ಕೆ ಬೇಯಿಸಿ ಹಾಕುತ್ತಿದ್ದರು. ಯುದ್ಧದ ಕಾಲ, ಕಂಟ್ರೋಲಿನ ಅಕ್ಕಿಯಲ್ಲಿ ಅರ್ಧ ಕಲ್ಲು. ಆದರೂ ನಮ್ಮ ಬಾಯಿಗೆ ಒಂದು ಕಲ್ಲೂ ಸಿಕ್ಕಿದ್ದು ನನಗೆ ನೆನಪಿಲ್ಲ. ಬೆಳಗಿನ ಬಿಸಿಲಲ್ಲಿ ಮೊರ ಹಿಡಿದು ಕೂತರೆ ಒಂದು ಗಂಟೆ ಏಳುತ್ತಿರಲಿಲ್ಲ.

ಪ್ರವಾಸದ ಯೋಚನೆ ಮೇಲ್ವಿಚಾರಕರಾದ ಗೌರೀಶಂಕರಯ್ಯನವರದು. ಒಂದು ಸಂಜೆ ಜಗಲಿಯ ಮೇಲೆ ನಮ್ಮನ್ನೆಲ್ಲ ಕೂರಿಸಿಕೊಂಡು ರೇವಮ್ಮನನ್ನು ಕರೆಸಿದರು. ಗುಮಾಸ್ತೆ ಷಡಕ್ಷರಪ್ಪ ಕಾಗದ ಪೆನ್ಸಿಲು ಹಿಡಿದು ಕೂತರು.

"ನಿಮ್ಮೂರಿಂದ ಅಬ್ಬಿಗೆ ಎಷ್ಟು ದೂರ?"

"ಮೂರು ಮೈಲಿ ಸಾ. ಹಳ್ಳ ದಾಟಿದ್ಮೇಲೆ ಒಂದು ದೊಡ್ಡ ಬಂಡೆ ಸಿಗ್ತದೆ. ಅಲ್ಲಿ ಬಲಕ್ಕೆ ಗಾಡಿ ಜಾಡದೆ, ಅದ್ರಲ್ಲಿ ಓಗ್ಬಾರ್ದು. ಅದು ಮರ ಕಡಿಯೋ ತಾವಕ್ಕೆ ಓಯ್ತದೆ. ಎಡಕ್ಕೆ ಕಾಲ್ದಾರಿ. ಬೈನೆ ಮರದ ಪಕ್ಕದಲ್ಲಿ ಅತ್ತಬೇಕು."

ಎಲ್ಲಿ ಜಿಗಣೆ, ಎಲ್ಲಿ ಪಾಚಿ ಜಾರುತ್ತದೆ, ಎಲ್ಲಿ ಕೂತು ಬುತ್ತಿ ಬಿಚ್ಚಬಹುದು, ಎಲ್ಲವನ್ನೂ ಹೇಳಿದರು. ಹೇಳುತ್ತ ಹೇಳುತ್ತ ಅವರ ಮುಖ ಅರಳಿತು. ಕೊನೆಗೆ ಸೆರಗು ಸರಿಮಾಡಿಕೊಂಡು, "ನಾನೂ ಬತ್ತೀನಿ ಸಾ. ಅಬ್ಬಿ ನೋಡಿ ಇಪ್ಪತ್ತೊಂಬತ್ತು ವರ್ಸ ಆಯ್ತು. ರಾತ್ರಿ ಅಣ್ಣನ ಮನೇಲಿ ಇರ್ತೀನಿ, ಬೆಳಿಗ್ಗೆ ನಿಮ್ಗೆ ದಾರಿ ತೋರಿಸ್ತೀನಿ" ಎಂದರು.

ಗೌರೀಶಂಕರಯ್ಯನವರು ಜೋರಾಗಿ ನಕ್ಕರು. "ನಿನಗೇನು ಹುಚ್ಚೇ ರೇವಮ್ಮ? ಹುಡುಗರ ಪ್ರವಾಸಕ್ಕೆ ಹೆಂಗಸು ಬಂದರೆ ಜನ ಏನಂದಾರು? ಇಲ್ಲಿ ಉಳಿಯುವ ಆರು ಜನಕ್ಕೆ ಬೇಯಿಸಿ ಹಾಕುವವರು ಯಾರು?"

ಹುಡುಗರೆಲ್ಲ ನಕ್ಕರು. ನಾನೂ ನಕ್ಕೆ.

"ಅಂಗಾರೆ ದಾರಿ ಕೇಳಕ್ಕೆ ನನ್ನ ಯಾಕೆ ಕರುದ್ರಿ?" ಎಂದು ರೇವಮ್ಮ ಎದ್ದು ಒಳಗೆ ಹೋದರು.

ಎರಡು ದಿನದ ಮೇಲೆ ಊಟದ ಮನೆಯ ಗೋಡೆಗೆ ಪ್ರವಾಸದ ಪಟ್ಟಿ ಅಂಟಿಸಿದರು. ರೇವಮ್ಮನಿಗೆ ಓದು ಬಾರದು. ಷಡಕ್ಷರಪ್ಪನನ್ನು ನಿಲ್ಲಿಸಿ ಓದಿಸಿದರು. ಹೋಗುವವರ ಹೆಸರು ಮುಗಿದ ಮೇಲೆ ಸಾಮಾನಿನ ಹೆಸರು ಬಂತು: ಹಗ್ಗ ಹತ್ತು ಮಾರು, ಕೊಳಗ ಎರಡು, ಸೌಟು ಒಂದು, ರೇವಮ್ಮನ ರೊಟ್ಟಿ ಎಂಬತ್ತು, ಹುಚ್ಚೆಳ್ಳು ಚಟ್ನಿಪುಡಿ ಎರಡು ಡಬ್ಬಿ.

"ಇನ್ನೊಂದು ಕಿತ ಓದಿ."

ಷಡಕ್ಷರಪ್ಪ ಓದಿದರು.

"ಸೌಟಿನ ಮಗ್ಗುಲಲ್ಲಿ ನನ್ನ ಎಸ್ರು ಬರ್ದವ್ರಾ? ಆ ರೊಟ್ಟಿ ಬರ್ದಿರೋದ್ನ ಒಡ್ದಾಕಿ ಷಡಕ್ಷರಪ್ನೋರೆ. ನಾನು ತಟ್ಟಕ್ಕಿಲ್ಲ."

ನಾವು ತಮಾಷೆ ಎಂದುಕೊಂಡೆವು. ಶುಕ್ರವಾರ ಬಂದರೂ ಹಿಟ್ಟು ಕಲಸುವ ಸುಳಿವಿಲ್ಲ. ಗೌರೀಶಂಕರಯ್ಯನವರು ಗದರಿದರು; ಆಮೇಲೆ ಆಡಳಿತ ಮಂಡಲಿಯ ಚನ್ನಬಸವಯ್ಯನವರನ್ನೇ ಕರೆತಂದರು. ಅವರು ಕೊಬ್ಬರಿ ಮಂಡಿಯ ಯಜಮಾನರು, ದೊಡ್ಡ ಗಂಟಲು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, "ಗತಿಯಿಲ್ಲದೆ ಬಂದೋಳಿಗೆ ಅನ್ನ, ನೆರಳು ಕೊಟ್ಟಿದ್ದೀವಿ. ಅದರ ಋಣ ಬೇಡವೇ?" ಎಂದರು.

ರೇವಮ್ಮ ಆಗ ನಮಗೆ ಮುದ್ದೆ ಬಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ. "ನೀವು ಅನ್ನ ಕೊಡ್ತಿದ್ದೀರಾ ಸಾ? ಅತ್ತು ವರ್ಸದಿಂದ ಒಲೆ ಮುಂದೆ ಬೇಯ್ತಿರೋಳು ನಾನು. ಜ್ವರ ಬಂದ ದಿನಾನೂ ಎದ್ದು ಬೇಯ್ಸಿದೀನಿ. ಇಲ್ಲಿ ಎಲ್ಡೊತ್ತು ಊಟ ಆಕೋದು ನನ್ನ ಕೆಲ್ಸ. ಬೆಟ್ಟದ ಮೇಲೆ ತಿನ್ನೋ ರೊಟ್ಟಿ ನನ್ನ ಕೆಲ್ಸ ಅಲ್ಲ."

"ಹಾಗಾದರೆ ನಿನ್ನ ಕೆಲಸವೇ ಬೇಡ."

ಹದಿನೇಳನೆಯ ತಟ್ಟೆಗೂ ಅವರೆಕಾಳಿನ ಸಾರು ಬಿಟ್ಟು, ಕೈ ತೊಳೆದು, ಸೊಂಟದ ಬೀಗದ ಕೈ ಗೊಂಚಲನ್ನು ರುಬ್ಬುಗುಂಡಿನ ಮೇಲಿಟ್ಟು, ಒಂದು ಗಂಟು ಹಿಡಿದು ಅವರು ಹೊರಟೇಬಿಟ್ಟರು. ನಾವು ಹದಿನೇಳು ಜನ ಉಣ್ಣುತ್ತ ಕೂತಿದ್ದೆವು. ಒಬ್ಬನೂ ಏಳಲಿಲ್ಲ.

ಮಾರನೆಯ ದಿನ ಹೋಟೆಲಿನ ಉಪ್ಪಿಟ್ಟು ಕಟ್ಟಿಸಿಕೊಂಡು ನಾವೂ ಹೊರಟೆವು. ಇದ್ದಿಲು ಗ್ಯಾಸಿನ ಬಸ್ಸು. ಏರು ಬಂದಾಗಲೆಲ್ಲ ಇಳಿದು ತಳ್ಳಬೇಕು. ಅರಕಲಗೂಡು ಮುಟ್ಟಿದಾಗ ಮಧ್ಯಾಹ್ನ ದಾಟಿತ್ತು. ಅಲ್ಲಿಂದ ಗಾಡಿಯಲ್ಲಿ ಕಲ್ಲುಮಂಟಿಗೆ ಹೋಗಿ ಶಾಲೆಯಲ್ಲಿ ತಂಗಿದೆವು.

ಬೆಳಿಗ್ಗೆ ಹೊರಟಾಗ ಊರ ಕೊನೆಯ ಮನೆಯ ಜಗಲಿಯಲ್ಲಿ ರೇವಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಪಕ್ಕದಲ್ಲಿ ಅವರ ಅತ್ತಿಗೆ ಸುವರ್ಣಮ್ಮ. ಗೌರೀಶಂಕರಯ್ಯನವರು ಮುಖ ತಿರುಗಿಸಿಕೊಂಡು ನಡೆದರು. ಹಿಂದಿದ್ದ ನಮ್ಮನ್ನು ನೋಡಿ ರೇವಮ್ಮ, "ಎಡಕ್ಕೆ ಕಣ್ರಪ್ಪಾ! ಬಂಡೆ ತಾವ ಎಡಕ್ಕೆ!" ಎಂದು ಕೂಗಿದರು. ಕೆಲಸ ಕಳೆದುಕೊಂಡ ಹೆಂಗಸು, ಆ ಕೆಲಸ ಕಿತ್ತುಕೊಂಡವರಿಗೆ ದಾರಿ ತಪ್ಪಬಾರದೆಂದು ಕೂಗಿ ಹೇಳಿದರು.

ಬಂಡೆ ಬಂತು. ಬಲಕ್ಕೆ ಅಗಲವಾದ ಗಾಡಿ ಜಾಡು; ಎಡಕ್ಕೆ ಪೊದೆಯೊಳಗೆ ಗೇಣಗಲದ ದಾರಿ. ಷಡಕ್ಷರಪ್ಪ ಬರೆದುಕೊಂಡಿದ್ದ ಕಾಗದ ಗೌರೀಶಂಕರಯ್ಯನವರ ಜೇಬಿನಲ್ಲೇ ಇತ್ತು. ಅದನ್ನು ಅವರು ತೆಗೆಯಲಿಲ್ಲ. "ಅವಳದು ಮೂವತ್ತು ವರ್ಷದ ಹಿಂದಿನ ಮಾತು. ಈಗ ರಸ್ತೆ ಮಾಡಿದ್ದಾರೆ, ನೋಡಿ" ಎಂದು ಬಲಕ್ಕೆ ತಿರುಗಿದರು. ಎಡಕ್ಕೆ ಎಂಬ ಮಾತು ಹನ್ನೊಂದು ಜನದ ಕಿವಿಯಲ್ಲೂ ಇತ್ತು. ಆದರೂ ಅವರ ಹಿಂದೆಯೇ ಬಲಕ್ಕೆ ನಡೆದೆವು. ಎರಡು ಗಂಟೆ ಏರಿ ತಲುಪಿದ್ದು ಕಡಿದುರುಳಿಸಿದ ಮರಗಳ ಬಯಲಿಗೆ. ಎಲ್ಲೋ ದೂರದಲ್ಲಿ ನೀರು ಬೀಳುವ ಸದ್ದು ಕೇಳುತ್ತಿತ್ತು. ಬುತ್ತಿ ಬಿಚ್ಚಿದರೆ ಉಪ್ಪಿಟ್ಟು ಹಳಸಿತ್ತು.

ರೇವಮ್ಮ ಅಬ್ಬಿ ನೋಡಿದ್ದು ಅದಾದ ಮಾರನೆಯ ದಿನ. ಇದನ್ನು ಆಮೇಲೆ ಅವರೇ ನನಗೆ ಹೇಳಿದರು. ಸುವರ್ಣಮ್ಮ ಆ ಊರಿಗೆ ಸೊಸೆಯಾಗಿ ಬಂದು ಹದಿನೆಂಟು ವರ್ಷವಾದರೂ ಮೂರು ಮೈಲಿ ಆಚೆಗಿನ ಅಬ್ಬಿಯನ್ನು ಕಂಡಿರಲಿಲ್ಲವಂತೆ. "ಗಂಡಸ್ರು ದನ ಒಡ್ಕೊಂಡು ಓಯ್ತಾರೆ. ನಮ್ಮನ್ಯಾರು ಕರ್ಕೊಂಡೋದಾರು ರೇವಕ್ಕ?" ಎಂದಳಂತೆ. ಅದನ್ನು ಕೇಳಿ ರೇವಮ್ಮನಿಗೆ ಮೇಲ್ವಿಚಾರಕರ ಮೇಲಿನದಕ್ಕಿಂತ ಹೆಚ್ಚು ಸಿಟ್ಟು ಸ್ವಂತ ಅಣ್ಣನ ಮೇಲೆ ಬಂತು. ಅವನು ತಡೆಯಲು ಬಂದಾಗ, "ಒಂದಿನ ನೀನೇ ಒಲೆ ಅಚ್ಚು, ಸಾಯಕ್ಕಿಲ್ಲ" ಎಂದು ಹೇಳಿ ಅತ್ತಿಗೆಯ ಕೈ ಹಿಡಿದುಕೊಂಡು ಹೊರಟರು.

"ಚಿಕ್ಕೋಳಿದ್ದಾಗ ಕಂಡಿದ್ದು, ಈಗ ಸಣ್ಣಕ್ಕೆ ಕಾಣ್ತದೇನೋ ಅಂತಿದ್ದೆ. ಇಲ್ಲ ಕಣಪ್ಪ, ಅಷ್ಟೇ ಎತ್ರ ಅದೆ. ಸುವರ್ಣಿ ಕಲ್ಲಿನ ಮೇಲೆ ಕೂತು ಅತ್ತುಬುಟ್ಳು" ಎಂದರು.

ಇತ್ತ ವಿದ್ಯಾರ್ಥಿನಿಲಯಕ್ಕೆ ಬಂದ ಹೊಸ ಅಡುಗೆಯವನು ನಾಲ್ಕೇ ದಿನಕ್ಕೆ ಓಡಿಹೋದ. ಅನ್ನದ ಕಲ್ಲಿಗೆ ಒಬ್ಬನ ಹಲ್ಲು ಮುರಿಯಿತು. ಆಗ ಚನ್ನಬಸವಯ್ಯನವರು ಷಡಕ್ಷರಪ್ಪನನ್ನು ಕಲ್ಲುಮಂಟಿಗೆ ಕಳಿಸಿದರು. ರೇವಮ್ಮ ಬಂದರು. ಅಣ್ಣನ ಮನೆಯಲ್ಲಿ ಎಷ್ಟು ದಿನ ಇದ್ದಾರು? ಆದರೆ ಒಂದು ಷರತ್ತು ಹಾಕಿ ಬಂದರು: ತಿಂಗಳಿಗೊಂದು ಭಾನುವಾರ ಒಲೆ ಹಚ್ಚುವುದಿಲ್ಲ. ಮಂಡಲಿ ಒಪ್ಪಿತು. ತಪ್ಪಾಯಿತು ಎಂಬ ಮಾತನ್ನು ಮಾತ್ರ ಯಾರೂ ಆಡಲಿಲ್ಲ.

ನಾನೊಬ್ಬನೇ ಅಡುಗೆಮನೆಗೆ ಹೋಗಿ ಏನೋ ತೊದಲಿದೆ. ರೇವಮ್ಮ ತಲೆಯೆತ್ತದೆ, "ಅವತ್ತು ನೀನೂ ನಕ್ಕೆ. ನಾನು ನೋಡಿದೀನಿ. ತಟ್ಟೆ ತಗೊ" ಎಂದರು.

ಮುಂದಿನ ಡಿಸೆಂಬರಿನಲ್ಲಿ ಅವರು ಷಡಕ್ಷರಪ್ಪನ ಹೆಂಡತಿಯನ್ನೂ ಬೀದಿಯ ಇನ್ನಿಬ್ಬರು ಹೆಂಗಸರನ್ನೂ ಕರೆದುಕೊಂಡು ಅಬ್ಬಿ ನೋಡಲು ಬೆಳಗಿನ ಮೊದಲ ಬಸ್ಸಿಗೆ ಹೊರಟರು. ಯಾರ ಅಪ್ಪಣೆ ಕೇಳಿದಿರಿ ಎಂದು ಗೌರೀಶಂಕರಯ್ಯನವರು ಬಾಗಿಲಲ್ಲಿ ಅಡ್ಡ ನಿಂತರು.

"ಭಾನ್ವಾರ ನಂದು. ದಾರಿ ಬುಡಿ ಸಾ, ಬಸ್ಸು ತಪ್ಪೋಯ್ತದೆ" ಎಂದರು ರೇವಮ್ಮ.

ಗೌರೀಶಂಕರಯ್ಯನವರು ದಾರಿ ಬಿಡಲೇಬೇಕಾಯಿತು.