ಬಿಸಿಯಾದರೆ ಉಗುಳಬೇಡ

ಬೆಳಕು ಹರಿಯುವ ಮೊದಲೇ ಮಾಲಿಪುವೊ ದೀಪದ ಕೋಣೆಯ ಕಿಟಕಿ ತೆರೆಯುತ್ತಾರೆ. ಮೈತುಂಬ ಕಂಬಳಿ, ಮೇಜಿನ ಮೂಲೆಯಲ್ಲಿ ಜೋಳದ ಹುಳಿಗಂಜಿಯ ಡಬರಿ. ಭೂಮಧ್ಯರೇಖೆಯ ದಕ್ಷಿಣಕ್ಕಿರುವ ವೆಲ್ಕಮ್ ಎಂಬ ಗಣಿ ಪಟ್ಟಣದ ಸುತ್ತಲಿನ ಬಯಲಿನಲ್ಲಿ ಜೂನ್ ತಿಂಗಳೆಂದರೆ ಕಬ್ಬಿಣ ಮುಟ್ಟಿದ ಬೆರಳು ಮರಗಟ್ಟುವ ಚಳಿ. ಆಕೆ ದಿನವಿಡೀ ಮುಟ್ಟುವುದೆಲ್ಲ ಕಬ್ಬಿಣವೇ. ಹೊರಗೆ ಚಿನ್ನದ ಗಣಿಗೆ ಇಳಿಯುವವರ ಸಾಲು ನಿಂತಿದೆ. ಪ್ರತಿಯೊಬ್ಬನಿಗೂ ಆಕೆ ಒಂದು ತಲೆದೀಪ ಕೊಡುತ್ತಾರೆ, ಸೊಂಟಕ್ಕೆ ಕಟ್ಟಿಕೊಳ್ಳುವ ಒಂದು ಉಸಿರಿನ ಡಬ್ಬಿ ಕೊಡುತ್ತಾರೆ, ಅದರ ಜೊತೆಗೆ ಒಂದು ಮಾತು ಹೇಳುತ್ತಾರೆ.

"ಬಿಸಿಯಾಗುತ್ತೆ. ಉಗುಳಬೇಡ."

ಬೆಳಗಿನ ಪಾಳಿಯಲ್ಲಿ ಎಂಟುನೂರು ಜನ. ಎಂಟುನೂರು ಸಲವೂ ಅದೇ ಮಾತು, ಅದೇ ಗಡಸು ದನಿ. ಸಾಲಿನಲ್ಲಿ ಮುಂದೆ ಬಂದ ಮೊಹಾಪಿ ಎಂಬ ಹಳೆಯ ಕೆಲಸಗಾರ ಕಿಟಕಿಗೆ ಮೊಣಕೈ ಊರಿ ಹಲ್ಲು ಕಿರಿಯುತ್ತಾನೆ.

"ಅತ್ತಿಗೇ, ಎಷ್ಟು ಬಿಸಿ? ನಿನ್ನ ಗಂಜಿಯಷ್ಟಾ?"

"ನಿನ್ನ ಹೆಂಡ್ತಿ ಬಾಯಿಗಿಂತ ಕಮ್ಮಿ ಕಣೋ. ಅದನ್ನ ಇಷ್ಟು ವರ್ಷ ತಡ್ಕೊಂಡಿದ್ದೀಯ, ಇದನ್ನ ಅರ್ಧ ಗಂಟೆ ತಡ್ಕೊಳಕ್ಕಾಗಲ್ವಾ? ನಡಿ, ಹಿಂದೆ ಜನ ಇದ್ದಾರೆ."

ಸಾಲು ಗೊಳ್ಳೆಂದು ನಗುತ್ತದೆ. ಮಾಲಿಪುವೊ ಮಾತ್ರ ನಗುವುದಿಲ್ಲ.

ಕೆಳಗೆ ಬೆಂಕಿ ಬಿದ್ದು ಹೊಗೆ ತುಂಬಿದರೆ ಗಣಿಯವನಿಗೆ ಉಳಿಯುವುದು ಆ ಡಬ್ಬಿಯೊಂದೇ. ಮುಚ್ಚಳ ಕಿತ್ತು, ಡಬ್ಬಿಯನ್ನು ಎದೆಗೆ ತೂಗುಹಾಕಿಕೊಂಡು, ಮೂಗಿಗೆ ಕ್ಲಿಪ್ ಹಾಕಿ, ಕೊಳವೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಬೇಕು. ಅವನು ಬಿಟ್ಟ ಉಸಿರು ಒಳಗಿನ ರಾಸಾಯನಿಕಕ್ಕೆ ತಾಗಿ, ಆಮ್ಲಜನಕವಾಗಿ ಮರಳುತ್ತದೆ. ಮರಳುವಾಗ ಕಾದು ಬರುತ್ತದೆ. ಬಾಯಿ ಒಣಗುತ್ತದೆ, ಗಂಟಲು ಉರಿಯುತ್ತದೆ, ಎದೆಯ ಮೇಲೆ ಡಬ್ಬಿಯೇ ಕೆಂಡವಾದಂತೆ ಅನ್ನಿಸುತ್ತದೆ. ಡಬ್ಬಿ ಕೆಲಸ ಮಾಡುತ್ತಿದೆ ಎಂಬುದಕ್ಕೆ ಆ ಬಿಸಿಯೇ ಗುರುತು.

ಇದನ್ನು ಲೆಫಾನಿಗೆ ಯಾರೂ ಹೇಳಿರಲಿಲ್ಲ. ಲೆಫಾ ಮಾಲಿಪುವೊ ಅವರ ಗಂಡ.

ಒಂಬತ್ತು ವರ್ಷದ ಹಿಂದೆ ಸುರಂಗದ ಮರದ ಆಸರೆಗಳಿಗೆ ಬೆಂಕಿ ಹತ್ತಿದಾಗ ಲೆಫಾನ ಪಕ್ಕದಲ್ಲಿದ್ದವನು ಇದೇ ಮೊಹಾಪಿ. ಇಬ್ಬರೂ ಡಬ್ಬಿ ತೆರೆದು ಕಚ್ಚಿಕೊಂಡರು. ಸ್ವಲ್ಪ ದೂರ ನಡೆಯುವಷ್ಟರಲ್ಲಿ ಲೆಫಾ ಕೊಳವೆಯನ್ನು ಉಗುಳಿ, "ಇದಕ್ಕೂ ಬೆಂಕಿ ಹತ್ತಿದೆ!" ಎಂದು ಕೂಗಿ ಡಬ್ಬಿ ಕಿತ್ತೆಸೆದ. ಆಮೇಲೆ ಅವನು ಎಳೆದುಕೊಂಡದ್ದು ಬರೀ ಹೊಗೆ.

"ನಾನೇನೂ ಜಾಣ ಅಲ್ಲ," ಎನ್ನುತ್ತಾನೆ ಮೊಹಾಪಿ, ಸಾಲು ಬಿಟ್ಟು ಕಿಟಕಿಯ ಪಕ್ಕಕ್ಕೆ ಸರಿದು. ಈಗ ನಗೆಯಿಲ್ಲ. "ಹೆದರಿ ಹಲ್ಲು ಕಚ್ಕೊಂಡಿದ್ದೆ, ಬಿಡಿಸೋಕೇ ಬರಲಿಲ್ಲ. ಅದಕ್ಕೇ ಉಳಿದೆ. ಧೈರ್ಯಸ್ಥ ಅವನು. ವಿಚಾರಣೆಯಲ್ಲೂ ಇದನ್ನೇ ಹೇಳಿದೆ. ತಲೆ ಆಡಿಸಿದ್ರು, ಟೀ ಕೊಟ್ರು, ಕಳಿಸಿದ್ರು."

ವರದಿ ಬಂದಾಗ ಅದರಲ್ಲಿದ್ದದ್ದು ಇಷ್ಟೇ: ಡಬ್ಬಿಯಲ್ಲಿ ದೋಷವಿರಲಿಲ್ಲ, ಕಾರ್ಮಿಕನೇ ತೆಗೆದೆಸೆದ. ಸತ್ತವನು ಎದ್ದು ಬಂದು ವಾದ ಮಾಡುವುದಿಲ್ಲ ನೋಡಿ. ಸತ್ತವನ ಮನೆಯವರಿಗೆ ಒಂದು ಕೆಲಸ ಕೊಡುವುದು ಗಣಿಯ ಪದ್ಧತಿ. ಹಾಗೆ ಮಾಲಿಪುವೊ ಅವರಿಗೂ ಕೆಲಸ ಸಿಕ್ಕಿತು. ಹುಡುಕಿ ಹುಡುಕಿ ಆಕೆಯನ್ನು ಕೂರಿಸಿದ್ದು ಉಸಿರಿನ ಡಬ್ಬಿ ಹಂಚುವ ಕಿಟಕಿಯಲ್ಲಿ. ಗಾಯದ ಮೇಲೆ ಬರೆ ಎಳೆಯುವುದು ಎಂದರೆ ಇದೇ. ಮಕ್ಕಳ ಹೊಟ್ಟೆ ನೋಡಿ ಆಕೆ ಕೂತರು.

ಬರೆ ಅಲ್ಲಿಗೇ ನಿಲ್ಲಲಿಲ್ಲ. ಹೊಸಬರಿಗೆ ಪಾಠ ಹೇಳುವ ಕೋಣೆಯ ಗೋಡೆಯ ಮೇಲೆ ಒಂದು ಚಿತ್ರವಿದೆ. ಹೊಗೆಯ ನಡುವೆ ಒಬ್ಬ ಡಬ್ಬಿ ಎಸೆಯುತ್ತಿದ್ದಾನೆ, ಕೆಳಗೆ 'ಇವನಂತೆ ಮಾಡಬೇಡಿ' ಎಂದಿದೆ. ಹೆಸರು ಹಾಕಿಲ್ಲ, ಆದರೆ ಹೆಸರು ಗೊತ್ತಿಲ್ಲದವರೂ ಗಣಿಯಲ್ಲಿಲ್ಲ. ಒಂಬತ್ತು ವರ್ಷದಿಂದ ಹೊಸಬರೆಲ್ಲ ಆಕೆಯ ಗಂಡನ ದಡ್ಡತನವನ್ನು ಕಲಿತೇ ಕೆಳಗಿಳಿಯುತ್ತಾರೆ. ಅದೇ ಕೋಣೆಯಲ್ಲಿ ಅಭ್ಯಾಸಕ್ಕೆ ಕೊಡುವುದು ರಾಸಾಯನಿಕವಿಲ್ಲದ ಖಾಲಿ ಡಬ್ಬಿ, ಹಿಮದಂತೆ ತಣ್ಣಗಿರುತ್ತದೆ. ಲೆಫಾ ಕಲಿತದ್ದೂ ಅಂಥದ್ದರಲ್ಲೇ.

ಬಿಸಿಯಾಗುತ್ತದೆಂದು ಮೇಲಿನವರಿಗೆ ಗೊತ್ತಿಲ್ಲವೆಂದಲ್ಲ. ಡಬ್ಬಿಯ ಜೊತೆ ಬರುವ ಪುಸ್ತಕದಲ್ಲೇ ಅಚ್ಚಾಗಿದೆ. ಅವಧಿ ಮುಗಿದು ಮೂಲೆ ಸೇರುವ ಡಬ್ಬಿಗಳನ್ನಾದರೂ ಪಾಠದ ಕೋಣೆಗೆ ಕೊಡಿ, ಪ್ರತಿಯೊಬ್ಬನ ಬಾಯಿಗೂ ಆ ಬಿಸಿ ಒಮ್ಮೆ ತಿಳಿಯಲಿ ಎಂದು ಆಕೆ ತರಬೇತಿಯ ಮೇಲಧಿಕಾರಿಯನ್ನು ಕೇಳಿದ್ದಾರೆ. ಬಾಯಿ ಸುಟ್ಟರೆ ಹೊಣೆ ಯಾರು ಎಂದು ಆತ ಮರುಪ್ರಶ್ನೆ ಹಾಕಿದನಂತೆ.

"ಮೇಲೆ ಬಾಯಿ ಸುಟ್ರೆ ಹೊಣೆ ಯಾರು ಅಂತ ಹುಡುಕ್ತಾರೆ," ಆಕೆ ಗಂಜಿ ಕಲಕುತ್ತ ಹೇಳುತ್ತಾರೆ. "ಕೆಳಗೆ ಸತ್ರೆ ಹುಡುಕೋದೇ ಬೇಡ, ಸತ್ತವನೇ ಹೊಣೆ."

ಈಗ ಕಿಟಕಿಯೂ ಮುಚ್ಚಲಿದೆ. ಮುಂದಿನ ತಿಂಗಳಿಂದ ಕಪಾಟುಗಳು ಬರುತ್ತವೆ. ಕಾರ್ಡು ತೋರಿಸಿದರೆ ಬಾಗಿಲು ತೆರೆಯುತ್ತದೆ, ಅವರವರ ಡಬ್ಬಿ ಅವರೇ ಎತ್ತಿಕೊಳ್ಳುತ್ತಾರೆ. ಕಪಾಟಿಗೆ ಸಂಬಳ ಬೇಡ, ಕಂಬಳಿ ಬೇಡ. ಬಿಸಿಯಾಗುತ್ತದೆ ಎಂದು ಹೇಳಲು ಅದಕ್ಕೆ ಬಾಯಿಯೂ ಇಲ್ಲ.

ಮಾಲಿಪುವೊ ಅವರಿಗೆ ಬೇರೆ ಕೆಲಸ ಕೊಟ್ಟಿದ್ದಾರೆ, ಅದೂ ಪಾಠದ ಕೋಣೆಯಲ್ಲಿ. ಹೊಸಬರ ಮುಂದೆ ನಿಂತು ಅಚ್ಚಾದ ಪಾಠವನ್ನು ಇದ್ದದ್ದು ಇದ್ದ ಹಾಗೆ ಹೇಳಬೇಕು, ಗೋಡೆಯ ಚಿತ್ರದ ಪಾಠವೂ ಸೇರಿ. ಒಂದು ಮಾತು ಹೆಚ್ಚು ಹೇಳುವಂತಿಲ್ಲ. ಒಲ್ಲೆ ಎಂದರೆ ಮನೆಗೆ ಹೋಗಬಹುದು.

"ಬೇಡ ಅನ್ನು ಅತ್ತಿಗೆ," ಎನ್ನುತ್ತಾನೆ ಮೊಹಾಪಿ, ಡಬ್ಬಿಯ ಪಟ್ಟಿ ಬಿಗಿದುಕೊಳ್ಳುತ್ತ. "ಅವನನ್ನ ದಡ್ಡ ಅಂತ ನಿನ್ ಬಾಯಲ್ಲೇ ಹೇಳಿಸ್ತಾರೆ."

ಆಕೆ ಮುಂದಿನವನ ಕೈಗೆ ಡಬ್ಬಿ ಕೊಟ್ಟು, ತಮ್ಮ ಮಾತು ಹೇಳಿ, ಅವನು ದಾಟಿದ ಮೇಲೆ ಉತ್ತರಿಸುತ್ತಾರೆ.

"ಒಪ್ಕೊಂಡಾಯ್ತು. ಅವರ ಪಾಠ ಪೂರ್ತಿ ಹೇಳ್ತೀನಿ, ಒಂದಕ್ಷರ ಬಿಡಲ್ಲ. ಆಮೇಲೆ ಆ ಚಿತ್ರದ ಹತ್ರ ಹೋಗಿ, ಇವನ ಹೆಸರು ಲೆಫಾ, ನನ್ನ ಗಂಡ, ಬಿಸಿಯಾಗುತ್ತೆ ಅಂತ ಇವನಿಗೆ ಯಾರೂ ಹೇಳಿರಲಿಲ್ಲ, ಅದಕ್ಕೇ ಉಗುಳಿದ ಅಂತೀನಿ. ಅವತ್ತೇ ಓಡಿಸ್ತಾರೆ, ಗೊತ್ತು. ಓಡಿಸ್ಲಿ. ಆ ಕೋಣೆಯಲ್ಲಿ ಕೂತೋರಂತೂ ಉಗುಳಲ್ಲ."