ಸಿದ್ದಗಂಗಮ್ಮನ ಶಾವಿಗೆ ಮದುವೆ

೧೯೩೭ನೆಯ ಇಸವಿ ಏಪ್ರಿಲ್ ೧೯, ಸೋಮವಾರ. ಬೆಳಗಿನಿಂದ ಮೋಡ ಮುಸುಕಿತ್ತು. ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಗಾಳಿ ಎದ್ದು, ಬೀದಿಯ ಧೂಳನ್ನೆಲ್ಲ ಮನೆಗಳೊಳಕ್ಕೆ ತುಂಬಿ, ನಾಲ್ಕು ದಪ್ಪ ಹನಿ ಉದುರಿಸಿ ಸುಮ್ಮನಾಯಿತು. ತಾವರೆಕೆರೆಯ ಜನ ಒಣಹಾಕಿದ್ದ ಹುಣಸೆಹಣ್ಣನ್ನು ಒಳಗೆ ಸಾಗಿಸಿ, ಮತ್ತೆ ಹೊರಗೆ ತಂದು ಹರಡಿದರು. ಆ ಗಾಳಿಯ ನಡುವೆಯೇ ಬುಕ್ಕಾಪಟ್ಟಣದ ಬೀಗರ ಗಾಡಿ ಸಿದ್ದಗಂಗಮ್ಮನ ಮನೆಯ ಮುಂದೆ ಬಂದು ನಿಂತಿತು.

ಸಿದ್ದಗಂಗಮ್ಮನ ಗಂಡ ಮರುಳಸಿದ್ದಯ್ಯನಿಗೆ ಊರಲ್ಲಿ ಒಂದು ಚಿಲ್ಲರೆ ಅಂಗಡಿ. ಇಬ್ಬರು ಹೆಣ್ಣುಮಕ್ಕಳು. ಹಿರಿಯಳು ಚನ್ನಮಲ್ಲಮ್ಮನನ್ನು ಐದು ವರ್ಷದ ಹಿಂದೆ ಬುಕ್ಕಾಪಟ್ಟಣದ ರೇಣುಕಯ್ಯನಿಗೆ ಕೊಟ್ಟಿದ್ದರು. ಹಿಂದಿನ ನವರಾತ್ರಿಯ ಹೊತ್ತಿಗೆ ಅವಳು ಹೆರಿಗೆಗೆಂದು ತೌರಿಗೆ ಬಂದು, ಹೆಣ್ಣುಕೂಸನ್ನು ಹೆತ್ತು, ಒಂಬತ್ತನೆಯ ದಿನ ತೀರಿಕೊಂಡಳು. ಅಂದಿನಿಂದ ಆ ಕೂಸು ಕಿರಿಯಳು ದಾಕ್ಷಾಯಣಿಯ ಸೊಂಟದ ಮೇಲೆ ಬೆಳೆಯಿತು. ದಾಕ್ಷಾಯಣಿಗೆ ಹತ್ತೊಂಬತ್ತು ತುಂಬಿತ್ತು. ಅವಳನ್ನೇ ರೇಣುಕಯ್ಯನಿಗೆ ಕೊಡುವುದೆಂಬ ಮಾತನ್ನು ಮೊದಲು ಆಡಿದವರು ಯಾರೆಂಬುದು ಎರಡು ಮನೆಗಳಲ್ಲಿ ಯಾರಿಗೂ ನೆನಪಿಲ್ಲ. ಕೇಳಿದಾಗ ಅವಳು "ಹೂಂ" ಎಂದು, ಹಾಲು ಕಾಯಿಸಲು ಒಳಗೆ ಹೋದಳು.

ಸಿದ್ದಗಂಗಮ್ಮ ಆ ಒಂಬತ್ತನೆಯ ದಿನವೂ ಅಳಲಿಲ್ಲ, ಆಮೇಲೂ ಅಳಲಿಲ್ಲ. ನೀರು ಸೇದುವುದು, ಮುದ್ದೆ ತೊಳಸುವುದು, ಕಸ ಬಳಿಯುವುದು ಎಲ್ಲವೂ ನಡೆದಿತ್ತು. ಕೈ ಮಾಡುತ್ತಿದ್ದ ಕೆಲಸವನ್ನು ಅವಳು ದೂರದಲ್ಲಿ ನಿಂತು ನೋಡುವವಳಂತಿದ್ದಳು.

ಗಾಡಿಯಿಂದಿಳಿದ ರೇಣುಕಯ್ಯನ ತಾಯಿ ಶಿವರುದ್ರಮ್ಮ ಕೈಕಾಲು ತೊಳೆದು ಕುಳಿತವಳೇ ಮಾತು ತೆಗೆದಳು.

"ನೋಡು ಬೀಗ್ತಿ, ಹುಡುಗನ್ಗೆ ಎರಡ್ನೇ ಸಂಬಂಧ. ಚಪ್ಪರ, ಓಲಗ ಅಂದ್ರೆ ಊರು ನಗ್ತದೆ. ಬಸವಣ್ಣನ ಗುಡೀಲಿ ತಾಳಿ ಕಟ್ಟಿಸ್ಬುಡಣ. ನಿಮ್ಗೂ ಖರ್ಚು ಉಳೀತದೆ."

"ಅವನ್ಗೆ ಎರಡ್ನೇದು ಕಣಮ್ಮ, ನನ್ ಮಗಳ್ಗೆ ಮೊದಲ್ನೇದು" ಎಂದಳು ಸಿದ್ದಗಂಗಮ್ಮ. ಆ ಮಾತು ತನ್ನ ಬಾಯಿಂದ ಬಂದದ್ದು ಅವಳಿಗೇ ಹೊಸದಾಗಿ ಕೇಳಿಸಿತು.

ಮರುಳಸಿದ್ದಯ್ಯ ಮೆಲ್ಲಗೆ, "ಇರೋದು ನೂರು ರೂಪಾಯಿ ಕಣೇ. ದೊಡ್ಡೋಳ ಮದುವೇಗೆ ಮುನ್ನೂರು ಹಿಡೀತು" ಎಂದ.

"ನೂರ್ರಲ್ಲೇ ಮಾಡಣ."

"ಮಾಡ್ಕೋ, ನಂದೇನು?" ಎಂದು ಶಿವರುದ್ರಮ್ಮ ಸೊಂಟದಿಂದ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದಳು. ಒಳಗೆ ಒಂದು ಚಿನ್ನದ ಗುಂಡಿತ್ತು. "ಆದ್ರೆ ಇದನ್ನ ಕಟ್ಟಿಸ್ದೆ ಹೆಣ್ಣ ಒಳಗೆ ಕರ್ಕಳಲ್ಲ."

ಹೆಂಡತಿ ಸತ್ತವನು ಮತ್ತೆ ಮದುವೆಯಾದರೆ, ಹೊಸಬಳು ತನ್ನ ತಾಳಿಯ ಪಕ್ಕದಲ್ಲಿ ಸತ್ತವಳ ಹೆಸರಿನ ಗುಂಡೊಂದನ್ನು ಪೋಣಿಸಿಕೊಂಡು, ವರ್ಷಕ್ಕೊಮ್ಮೆ ಅದಕ್ಕೆ ಎಡೆಯಿಡುವುದು ಆ ಕಡೆಯ ರೂಢಿ. ಇಲ್ಲವಾದರೆ ಸತ್ತವಳು ಸವತಿಯ ಮೇಲೆ ಮುನಿಯುತ್ತಾಳೆಂಬ ಭಯ. ಶಿವರುದ್ರಮ್ಮ ಹೊಸ ಗುಂಡು ಮಾಡಿಸಿರಲಿಲ್ಲ. ಚನ್ನಮಲ್ಲಮ್ಮನ ತಾಳಿಯದನ್ನೇ ಬಿಡಿಸಿ ತಂದಿದ್ದಳು.

"ನನ್ ಮಗಳು ಲಿಂಗೈಕ್ಯ ಆದೋಳು, ಕಾಡಕ್ಕೆ ಬರೋ ಪೀಡೆ ಅಲ್ಲ" ಎಂದಳು ಸಿದ್ದಗಂಗಮ್ಮ. "ಒಡಹುಟ್ಟಿದ ತಂಗೀಗೆ ಸವತಿ ಆಗ್ತಾಳಾ?"

"ಬಾಯಲ್ಲಿ ಎಲ್ರೂ ಲಿಂಗೈಕ್ಯನೇ ಬೀಗ್ತಿ. ತೊಟ್ಲಲ್ಲಿ ಕೂಸು ಸುಮ್ಸುಮ್ನೆ ಕಿರುಚ್ಕೊಂಡ್ರೆ ಎಲ್ರೂ ಬಾಗಿಲ ಕಡೇನೇ ನೋಡೋದು."

"ಧಾರೆ ದಿನ ನೋಡಣ ಬುಡಿ" ಎಂದು ಮರುಳಸಿದ್ದಯ್ಯ ಮಾತನ್ನು ಮುಂದಕ್ಕೆ ಹಾಕಿದ. ಮೇ ೧೭ರ ಸೋಮವಾರ ಲಗ್ನವೆಂದು ಗೊತ್ತಾಯಿತು.

ಸಿದ್ದಗಂಗಮ್ಮ ಒಂದೇ ಒಂದು ನಿಯಮ ಇಟ್ಟುಕೊಂಡಳು: ಹಿರಿಯಳ ಮದುವೆಯಲ್ಲಿ ಇದ್ದದ್ದು ಯಾವುದೂ ಇದರಲ್ಲಿ ಇರಕೂಡದು. ದಾಕ್ಷಾಯಣಿ ಅಕ್ಕನ ಜಾಗ ತುಂಬುವವಳಾಗಿ ಹೋಗಬಾರದು, ಮದುವಣಗಿತ್ತಿಯಾಗಿ ಹೋಗಬೇಕು. ಮರುಳಸಿದ್ದಯ್ಯ ಅಂಗಡಿಯ ಹಳೆಯ ಪುಸ್ತಕ ತೆಗೆದು ಮೊದಲ ಮದುವೆಯ ಪಟ್ಟಿ ಓದುತ್ತ ಹೋದ.

"ಗ್ಯಾಸ್ ಲೈಟು, ಮೆರವಣಿಗೆ."

"ಬೇಡ. ಹಗಲು ಧಾರೆ, ಹಗಲೇ ಊಟ."

"ಸಿರಾದ ಬ್ಯಾಂಡು."

"ಬೇಡ. ನಮ್ಮೂರ ಓಲಗದೋರು ಸಾಕು. ಹೆಂಗಸ್ರು ಸೋಬಾನೆ ಹೇಳ್ತಾರೆ."

"ಕೆಂಪು ಸೀರೆ."

"ಹಸುರು ತನ್ನಿ."

"ಹೋಳಿಗೆ."

"ಅದೂ ಬೇಡ. ಶಾವಿಗೆ ಪಾಯಸ."

ಐದು ರೂಪಾಯಿ ಗೋಧಿ ತರಿಸಿ ಬೀದಿಯ ಹನ್ನೊಂದು ಮನೆಗಳಿಗೆ ಹಂಚಿದಳು. ಕೂಲಿಯೆಂದು ಯಾರೂ ಏನೂ ಕೇಳಲಿಲ್ಲ. ಎಂಟು ದಿನ ಹೆಂಗಸರೆಲ್ಲ ಸೇರಿ ಬೀಸಿ, ನಾದಿ, ಎಳೆ ತೆಗೆದು, ಬೀದಿಯ ಈ ಬದಿಯಿಂದ ಆ ಬದಿಗೆ ಹಗ್ಗ ಕಟ್ಟಿ ಒಣಗಲು ಇಳಿಬಿಟ್ಟರು. ಬಿಳಿಯ ಎಳೆಗಳ ಕೆಳಗೆ ಹಾಯುವವರೆಲ್ಲ ತಲೆ ತಗ್ಗಿಸಬೇಕಾಯಿತು. ಎದುರುಮನೆಯ ಚಿಕ್ಕಲಕ್ಷ್ಮಮ್ಮ ಬಾಗಿಲಲ್ಲಿ ಕುಳಿತು ಕಾಗೆ ಓಡಿಸುತ್ತ, "ಅಮಲ್ದಾರ್ರೇ ಬರ್ಲಿ, ನಮ್ ಬೀದೀಲಿ ಬಗ್ಗೇ ಹೋಗ್ಬೇಕು ಕಣಮ್ಮ!" ಎಂದು ಕೂಗುತ್ತಿದ್ದಳು. ತಾವರೆಕೆರೆಯವರು ಅದನ್ನು ಇಂದಿಗೂ ಶಾವಿಗೆ ಮದುವೆಯೆಂದೇ ಕರೆಯುತ್ತಾರೆ.

ಮೇ ೧೭ರ ಬೆಳಿಗ್ಗೆ ಹೊಂಗೆ, ಮಾವಿನ ಸೊಪ್ಪು ಹೊದಿಸಿದ ಚಪ್ಪರದ ಹಿಂದೆ ಒಲೆ ಉರಿಯುತ್ತಿತ್ತು. ಚಿಕ್ಕಲಕ್ಷ್ಮಮ್ಮ ಸೌಟಿನಲ್ಲಿ ಪಾಯಸ ತಂದು, "ಸಿಹಿ ನೋಡು" ಎಂದಳು. ಸಿದ್ದಗಂಗಮ್ಮ ಬಾಯಿಗೆ ಹಾಕಿಕೊಂಡು, "ಸರಿಯಾಗದೆ" ಎಂದಳು.

"ಅಯ್ಯೋ ಶಿವನೇ! ಬೆಲ್ಲಾನೇ ಹಾಕಿಲ್ಲ ಕಣಮ್ಮ ಇನ್ನೂವೆ, ತಮಾಸೆಗೆ ಕೊಟ್ಟೆ."

ಸುತ್ತಲಿದ್ದವರು ನಕ್ಕರು. ಸಿದ್ದಗಂಗಮ್ಮ, "ಹಾಕು ಹಂಗಾದ್ರೆ" ಎಂದಷ್ಟೇ ಹೇಳಿ ಎಲೆ ಎಣಿಸಲು ಹೋದಳು.

ಹತ್ತು ಗಂಟೆಗೆ ಧಾರೆಯಾಯಿತು. ರೇಣುಕಯ್ಯ ನೆಲ ನೋಡುತ್ತಲೇ ತಾಳಿ ಕಟ್ಟಿದ. ಅಕ್ಷತೆ ಬಿದ್ದು ಓಲಗ ನಿಂತ ಮೇಲೆ ಶಿವರುದ್ರಮ್ಮ ಗಂಟು ಬಿಚ್ಚಿ, ದಾರಕ್ಕೆ ಪೋಣಿಸಿದ್ದ ಗುಂಡನ್ನು ಹಿಡಿದು ಮಣೆಯ ಹತ್ತಿರ ಬಂದಳು. ಸಿದ್ದಗಂಗಮ್ಮ ಅಡ್ಡ ನಿಂತಳು.

"ಬೇಡ ಬೀಗ್ತಿ. ಇವತ್ತೊಂದಿನ ನನ್ ಮಗಳು ಅವಳಷ್ಟಕ್ಕೆ ಅವಳಿರ್ಲಿ."

"ಹಂಗಾದ್ರೆ ನಮ್ ಗಾಡಿ ನಾವು ಕಟ್ಟುಸ್ತೀವಿ."

ಮದುವೆ ಮಾಡಿಸಲು ಬಂದಿದ್ದ ಅಯ್ಯನವರು ಚೆಲ್ಲಿದ ಅಕ್ಷತೆ ಆಯತೊಡಗಿದರು. ಮರುಳಸಿದ್ದಯ್ಯ ಕೆಮ್ಮಿದ. ದಾಕ್ಷಾಯಣಿ ಆಗ ಮೊದಲ ಸಲ ತಲೆಯೆತ್ತಿದಳು.

"ಕೊಡಿ ಅತ್ತೆ, ಕಟ್ಕೋತೀನಿ."

"ಸುಮ್ಕಿರೇ ನೀನು" ಎಂದಳು ತಾಯಿ.

"ಆ ಮನೇಲಿ ನಂಗೆ ಗೊತ್ತಿರೋರು ಯಾರವ್ರಮ್ಮ? ಅಕ್ಕ ಒಬ್ಳೇ. ಜೊತೇಲಿ ಬರ್ಲಿ ಬುಡು. ಅವಳು ಹಾಕ್ಕೊಂಡು ಬುಟ್ಟ ಲಂಗ, ರವಿಕೆ ಹಾಕ್ಕೊಂಡೇ ಬೆಳೆದೋಳು ನಾನು. ಒಂದು ಗುಂಡು ಭಾರ ಆಗ್ತದಾ?"

ಒಂದು ತಿಂಗಳಿಂದ ತಾನು ಮನೆಯಿಂದ ಹೊರಗಿಟ್ಟಿದ್ದ ಹಿರಿಯಳನ್ನು ಇವಳು ಹೆಸರು ಹಿಡಿದು ಕರೆದಂತೆ ಸಿದ್ದಗಂಗಮ್ಮನಿಗೆ ಅನಿಸಿತು. ಮುಂದೆ ಏನೋ ಅನಿಸಬೇಕಿತ್ತು, ಅನಿಸಲಿಲ್ಲ. ಅವಳು ಪಕ್ಕಕ್ಕೆ ಸರಿದಳು. ಶಿವರುದ್ರಮ್ಮ ಕಟ್ಟಿದಳು. ಗುಂಡು ಹಸುರು ಸೀರೆಯ ಸೆರಗಿನೊಳಗೆ ಸೇರಿತು. ಸಿದ್ದಗಂಗಮ್ಮ ಎರಡನೆಯ ಪಂಕ್ತಿಗೆ ಪಾಯಸ ಸಾಕೇ ಎಂದು ನೋಡಲು ಒಲೆಯ ಕಡೆಗೆ ನಡೆದಳು.

ಮೂರು ಗಂಟೆಗೆ ಗಾಡಿ ಹೊರಟಿತು. ಕೂಸು ದಾಕ್ಷಾಯಣಿಯ ಮಡಿಲಲ್ಲಿ ನಿದ್ದೆ ಹೋಗಿತ್ತು.

ಮರುದಿನ ಮರುಳಸಿದ್ದಯ್ಯ ಲೆಕ್ಕ ಬರೆದು ಹೆಂಡತಿಗೆ ಓದಿ ಹೇಳಿದ. ಹೆಣ್ಣಿನ ಸೀರೆ, ರವಿಕೆ ಕಣ ಹದಿನಾಲ್ಕು ರೂಪಾಯಿ. ಗಂಡಿಗೆ ಪಂಚೆ, ಶಲ್ಯ, ರುಮಾಲು ಒಂಬತ್ತು. ಕಾಲುಂಗುರ, ಬಳೆ ಆರೂವರೆ. ಅಕ್ಕಿ, ಬೇಳೆ, ಬೆಲ್ಲ, ತುಪ್ಪ ಮೂವತ್ತೆಂಟು. ಶಾವಿಗೆಯ ಗೋಧಿ ಐದು. ಎಲೆ, ಅಡಿಕೆ, ಹೂವು ನಾಲ್ಕೂವರೆ. ಓಲಗದವರಿಗೆ ಐದು. ಅಯ್ಯನವರಿಗೆ ಮೂರು. ಗಾಡಿ ಬಾಡಿಗೆ ಎರಡೂವರೆ. ಚಪ್ಪರದ ಗಳ, ಹಗ್ಗ ಒಂದೂವರೆ. ಒಟ್ಟು ಎಂಬತ್ತೊಂಬತ್ತು ರೂಪಾಯಿ. ಕೈಯಲ್ಲಿ ಉಳಿದದ್ದು ಹನ್ನೊಂದು.