ಕಣ್ಣು ಮುಚ್ಚಿ ರಾಡ್ ಆರಿಸುವ ಓಪಲ್

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಟೊಲೀಡೊ ಬೆಂಡ್ ಜಲಾಶಯದ ಲೂಸಿಯಾನಾ ದಡದಲ್ಲಿ, ತಮ್ಮ ಗಾಳದಂಗಡಿಯ ಹಿಂದಿನ ಹಲಗೆಕಟ್ಟೆಯ ಮೇಲೆ ಓಪಲ್ ರೋಬಿಶೊ ನಿಂತಿದ್ದಾರೆ. ಅವರ ಬಗ್ಗೆ ಪತ್ರಿಕೆಗೆ ಬರೆಯಲು, ವರ್ಷಗಳಿಂದ ಇಲ್ಲಿಗೆ ಬರುವ ನಾನು ಪಕ್ಕದಲ್ಲಿದ್ದೇನೆ. ಕೈಯಲ್ಲಿ ಆಳೆತ್ತರ ಮೀರಿದ ಗಾಳದ ರಾಡ್. ಅದರ ದಾರಕ್ಕೆ ಮೀನನ್ನು ಮರುಳು ಮಾಡುವ ಗೇಣುದ್ದದ ಮರದ ಮೀನು, ಕೊಕ್ಕೆ ಬಿಚ್ಚಿಟ್ಟಿದ್ದಾರೆ. ಕಣ್ಣು ಮುಚ್ಚಿ ಬೀಸುತ್ತಾರೆ. ಮರದ ಮೀನು ದೂರದಲ್ಲಿ ದೊಪ್ಪನೆ ಬೀಳುತ್ತದೆ.

“ಮಿಸ್ ಓಪಲ್, ನಿದ್ದೆ ಮಾಡ್ತಿದ್ದೀರೋ, ರಾಡ್ ನೋಡ್ತಿದ್ದೀರೋ?” ಹಳೇ ಗಿರಾಕಿ ಕ್ಲೈಡ್ ಥಿಬೊಡೊ ಕಾಫಿ ಹೀರುತ್ತಾ ಕೆಣಕುತ್ತಾರೆ.

“ನಿನ್ ಮುಖ ನೋಡೋದಕ್ಕಿಂತ ಕಣ್ಮುಚ್ಚೋದೇ ವಾಸಿ ಕಣೋ, ಮುದುಕ. ತಗೋ, ಇದೇ ಒಯ್ಯಿ. ಹದವಾಗಿ ಬಾಗುತ್ತೆ.”

ದೊಡ್ಡ ಬಾಸ್ ಮೀನಿನ ಹುಚ್ಚು ಹತ್ತಿದವರೆಲ್ಲ ಇಲ್ಲಿ ಮಾಡುವ ತಪ್ಪು ಒಂದೇ. ಭಾರದ ಮರದ ಮೀನಿಗೆ ಬಿರುಸಾದ ರಾಡೇ ಬೇಕು ಅಂದುಕೊಳ್ಳುತ್ತಾರೆ. ಬಾಗದ ರಾಡಾದರೆ ಆ ಭಾರವನ್ನೆಲ್ಲ ಭುಜವೇ ಎಸೆಯಬೇಕು. ಸಿಕ್ಕ ಮೀನು ತಲೆ ಕೊಡವಿದರೆ ಕೊಕ್ಕೆ ಬಾಯಿ ಹರಿದುಕೊಂಡು ಬರುತ್ತದೆ. ಬುಡ ಗಟ್ಟಿ ನಿಲ್ಲಬೇಕು, ನಡುವಿನವರೆಗೆ ಬಾಗಬೇಕು. ಆ ಬಾಗನ್ನು ಓಪಲ್ ಅಂಗೈಯಲ್ಲೇ ತಿಳಿಯುತ್ತಿದ್ದರು. ಹರೆಯದಲ್ಲಿ ಬಿರುಸು ರಾಡ್ ಬೀಸಿಯೇ ಅವರ ಭುಜ ಹಾಳಾದದ್ದು. ಈಗ ಆ ಭುಜದ ನರ ಕೆಟ್ಟು ಅಂಗೈ ಮರಗಟ್ಟುತ್ತಿದೆ. ಇವತ್ತಿನವರೆಗೆ ಅದನ್ನು ಯಾರಿಗೂ ಹೇಳದೆ ನಡೆಸಿಕೊಂಡು ಬಂದಿದ್ದರು.

ಬಿಸಿಲೇರುವ ಮೊದಲೇ ಕ್ಲೈಡ್ ವಾಪಸು ಬರುತ್ತಾರೆ. ಕೆಣಕಾಟವಿಲ್ಲ.

“ಜೀವಮಾನದ ಮೀನು, ಮಿಸ್ ಓಪಲ್. ದೋಣಿ ಪಕ್ಕಕ್ಕೇ ಬಂದಿತ್ತು. ತಲೆ ಕೊಡವ್ತು ನೋಡಿ, ಕೊಕ್ಕೆ ಕಿತ್ಕೊಂಡ್ ಬಂತು. ರಾಡು ಬಗ್ಗಲೇ ಇಲ್ಲ. ಬೀಸುವಾಗ್ಲೇ ಭುಜ ನೋಯ್ತಿತ್ತು. ನೀವು ಕೊಟ್ಟಿದ್ದಲ್ವಾ ಅಂತ ಸುಮ್ನಿದ್ದೆ.”

“ಬೈಯೋ, ಕ್ಲೈಡ್.”

ಕ್ಲೈಡ್ ಬೈಯುವುದಿಲ್ಲ. ಅಂಗಡಿಯೊಳಗೆ ಗೋಡೆಗೊರಗಿಸಿದ ರಾಡುಗಳ ಮುಂದೆ ನಿಂತು, ಕನ್ನಡಕ ಏರಿಸಿ, ಯಾವ ರಾಡ್ ಎಷ್ಟು ಭಾರದ ಮರದ ಮೀನಿಗೆ ಅಂತ ಹಿಡಿಯ ಬಳಿ ಅಚ್ಚಾದ ತೂಕವನ್ನು ತಾವೇ ಓದತೊಡಗುತ್ತಾರೆ. ಇಷ್ಟು ವರ್ಷದಲ್ಲಿ ಅವರು ಅದನ್ನು ಓದಿದ್ದು ನಾನು ಕಂಡಿಲ್ಲ. ಎರಡು ಬೈದಿದ್ದರೇ ಚೆನ್ನಾಗಿತ್ತು. ಓಪಲ್ ಮುಖ ನೋಡಲಾಗದೆ ನಾನು ಹೊರಗೆ ಬರುತ್ತೇನೆ.

ಓಪಲ್ ಕೂಡ ಹಿಂದೆಯೇ ಹಲಗೆಕಟ್ಟೆಗೆ ಬರುತ್ತಾರೆ, ಇನ್ನೊಂದು ರಾಡ್ ಹಿಡಿದು.

“ಕೈ ಹೋಯ್ತು ಅಂತ ಬರ್ಕೊಳ್ಳಿ. ನನ್ ಮಾತು ನಂಬಿ ಇನ್ಯಾರೂ ಮೀನು ಕಳ್ಕೊಳ್ಳೋದು ಬೇಡ. ನನಗೆ ಬರೋ ಕಸುಬು ಇದೊಂದೇ ಆಗಿತ್ತು.”

ಕಣ್ಣು ಮುಚ್ಚಿ ಬೀಸುತ್ತಾರೆ.

“ಹೇಳಿ, ನಡುವಿನವರೆಗೂ ಬಾಗ್ತಾ?”

“ಬಾಗ್ತು, ಮಿಸ್ ಓಪಲ್. ಚೆನ್ನಾಗೇ ಬಾಗ್ತು,” ಅನ್ನುತ್ತೇನೆ ನಾನು.

ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ರಾಡ್ ಹಿಡಿಯುತ್ತಾರೆ.

“ನಂಗೆ ಗೊತ್ತಾಗ್ಲಿಲ್ಲ.”